ಎರಡನೇ ಮಹಡಿಯ ಸ್ಟೂಲು

ಓನರಮ್ಮನವರಿಗೆ, ಮೂರನೇ ಮಹಡಿಯ ಇಸ್ತ್ರಿಯವಳ ನಮಸ್ಕಾರ.

ನನ್ನ ಪಿತ್ತಕೋಶದ ಆಪರೇಷನ್ ಮುಂದಕ್ಕೆ ಹೋಗಿದೆ. ತಂಗಿಯ ಮನೆಯಿಂದ ಬರೆಯುತ್ತಿದ್ದೇನೆ. ಅವಳದು ನೆಲಮಹಡಿ.

ಮೊನ್ನೆ ಅರಿವಳಿಕೆ ಡಾಕ್ಟರು ತಪಾಸಣೆಗೆ ಕರೆದಿದ್ದರು. ಇಂಜೆಕ್ಷನ್ ಚುಚ್ಚಿ ಮಲಗಿಸುವವರಿಗೆ ನನ್ನ ಜಾತಕವೆಲ್ಲ ಯಾಕೆ ಎಂದು ಬೇಸರದಲ್ಲೇ ಹೋದೆ. ಹಲ್ಲು ಅಲ್ಲಾಡುತ್ತದೆಯೇ ಎಂದು ಬಾಯಿ ತೆರೆಸಿ ನೋಡಿದರು. ಆಮೇಲೆ, "ಮೂರು ಮಹಡಿ ಹತ್ತೋಕಾಗುತ್ತಾ?" ಎಂದರು.

"ದಿನಾ ಹತ್ತೀನಿ."

"ನಡುವೆ ಎಲ್ಲೂ ನಿಲ್ಲಲ್ವಾ?"

"ಓನರಮ್ಮನ ಬಾಗಿಲಲ್ಲಿ ನಿಲ್ತೀನಿ. ಮಾತಾಡೋಕೆ."

"ಇಳಿಯೋವಾಗ್ಲೂ ನಿಂತು ಮಾತಾಡ್ತೀರಾ?"

ಇಲ್ಲ ಎಂದೆ. ಅವರು ಪೆನ್ನು ಕೆಳಗಿಟ್ಟರು. ಹೃದಯದ ಪರೀಕ್ಷೆ ಆಗದೆ ಅರಿವಳಿಕೆ ಕೊಡುವುದಿಲ್ಲವಂತೆ. ಅಲ್ಲಿಯವರೆಗೆ ಮೆಟ್ಟಿಲೂ ಬೇಡವಂತೆ.

ವರ್ಷದಿಂದ ನಿಮ್ಮ ಬಾಗಿಲಲ್ಲಿ ನಾನು ನಿಂತದ್ದು ಏದುಸಿರು ಇಳಿಯಲೆಂದು. ನನಗೇ ಅದು ಗೊತ್ತಿರಲಿಲ್ಲ. ನಿಮಗೆ ಗೊತ್ತಾಗಿತ್ತೋ ಏನೋ, ಒಂದು ಸ್ಟೂಲು ತಂದಿಟ್ಟಿರಿ. ನನ್ನ ಹರಟೆ ಜಾಸ್ತಿಯಾಯಿತೆಂದು ಇಟ್ಟಿದ್ದೀರಿ ಅಂದುಕೊಂಡಿದ್ದೆ.

ಕೆಳಗಿನ ಸಾಮಾನಿನ ಕೋಣೆಯನ್ನು ಕೆಲವು ವಾರ ನನಗೆ ಬಿಟ್ಟುಕೊಡಿ. ನನ್ನ ಹಾಸಿಗೆ, ಪಾತ್ರೆಗಳನ್ನು ತಂಗಿಯ ಗಂಡ ಇಳಿಸಿ ಕೊಡುತ್ತಾನೆ. ಜಾಗ ಇಕ್ಕಟ್ಟಾದರೂ ಪರವಾಗಿಲ್ಲ, ಸುಸ್ತಾಗಿಬಿಟ್ಟಿದೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ತೀರಿಹೋದ ನಿಮ್ಮ ಮಗಳ ವಿಷಯವನ್ನು ನೀವು ದಿನಾ ಸ್ವಲ್ಪ ಸ್ವಲ್ಪ ಹೇಳುತ್ತಿದ್ದಿರಿ. ನಾನು ತಲೆಯಾಡಿಸುತ್ತಿದ್ದೆ. ಎದೆಯ ಬಡಿತದಲ್ಲಿ ಒಂದು ಮಾತೂ ನನ್ನ ಕಿವಿಗೆ ನೆಟ್ಟಗೆ ಬಿದ್ದಿಲ್ಲ.

ನಾನು ಕೋಣೆಗೆ ಬಂದ ಮೇಲೆ ಆ ಸ್ಟೂಲು ತೆಗೆದುಕೊಂಡು ಕೆಳಗೆ ಬನ್ನಿ. ನೀವು ಕೂತು, ಮೊದಲಿಂದ ಹೇಳಿ.

ಇಂತಿ,
ನಿಮ್ಮ ತಲೆಯ ಮೇಲಿನ ಮನೆಯವಳು