ಭರತೇಶ ಭಾವನ ಸ್ವರ

ಮೂಡುಬಿದಿರೆ

ಶಾಂತಿಪ್ರಸಾದ ಮಾವನಿಗೆ ಜಯ ಜಿನೇಂದ್ರ.

ನನ್ನ ಕಲಾಪ್ರದರ್ಶನಕ್ಕೆ ಹಾಲ್ ಕೊಟ್ಟಿರಿ, ಉಪಕಾರ. ಅಂಗಡಿಗಳಲ್ಲಿ ‘ಹಣ ಬಂತು’ ಎಂದು ಕೂಗುವ ಡಬ್ಬಿಗಳಿಗೆ ನಾನು ಸಾಲದ ಆ್ಯಪ್‌ನವರ ಬೆದರಿಕೆ ಕರೆಗಳನ್ನು ತುಂಬಿದ್ದೇನೆ; ಮುಖವಿಲ್ಲದ ಅಧಿಕಾರಕ್ಕೆ ಗಂಟಲಾದರೂ ಇರಲಿ ಎಂದು.

ನಿನ್ನೆ ಒಂದು ಡಬ್ಬಿಯ ಮುಂದೆ ನೀವು ಬೆವರಿದಿರಿ. “ಇದೊಂದು ತೆಗಿ ಮಾರಾಯ್ತಿ, ನಮ್ಮ ಭರತೇಶನ ಸ್ವರ!”

ತಾಳಮದ್ದಳೆಗೆ ಒಪ್ಪುವ ಸ್ವರ, ಒಪ್ಪುತ್ತೇನೆ. ತೆಗೆಯುವುದಿಲ್ಲ, ಮಾವ. ಆ್ಯಪ್‌ನ ಕೆಲಸದಲ್ಲಿ ಭಾವ ಆ ಕರೆ ಮಾಡಿದ್ದು ಸಾಲ ಪಡೆದಿದ್ದ ವಿಟ್ಲದ ರುಖಿಯಮ್ಮನಿಗೆ; ರೆಕಾರ್ಡಿಂಗ್ ಕೊಟ್ಟವರೂ ಅವರೇ. ನಾಳೆ ಉದ್ಘಾಟನೆಗೆ ಅವರು ಬರುತ್ತಾರೆ, ನಿಮ್ಮ ಮಗನನ್ನೂ ಕಳುಹಿಸಿ.

ಎಲ್ಲರಲ್ಲೂ ಕ್ಷಮೆ ಕೇಳುವ ಕ್ಷಮಾವಣಿಯೆಂದು ಇವತ್ತು ಅವನು ‘ನೋಯಿಸಿದ್ದರೆ ಕ್ಷಮಿಸಿ’ ಎಂಬ ಮೆಸೇಜನ್ನು ಬಳಗಕ್ಕೆಲ್ಲ ಕಳುಹಿಸಿದ್ದಾನೆ. ರುಖಿಯಮ್ಮನ ನಂಬರೂ ಅವನಲ್ಲಿ ಉಂಟು, ಅವರಿಗೆ ಬಂದಿಲ್ಲ. ಎದುರು ನಿಂತೇ ಹೇಳಲಿ.

ನೀವು ಗೊತ್ತುಮಾಡಿದ ನನ್ನ ಮತ್ತು ಭಾವನ ಮದುವೆಯ ದಿನವನ್ನು ಆಮೇಲೆ ನೋಡುವ.

ಸದ್ಯಕ್ಕೆ ನಿಮ್ಮ ತಂಗಿಯ ಮಗಳು ಮಾತ್ರ,
ಪ್ರೇಕ್ಷಾ