ಯಾರೂ ಮಾಡದ ತೂಬು

ನಿಯಮದ ಪ್ರಕಾರ ನಮಗಿಂತ ಮಾನ್ಯರಾದ ಸ್ನಾತಕೋತ್ತರ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರೇ,

ನಮ್ಮ ತಂಡದ ಅಂತಿಮ ಪ್ರಾಜೆಕ್ಟನ್ನು ನಮ್ಮ ಮೂವರಲ್ಲಿ ಯಾರೂ ಮಾಡಿಲ್ಲವೆಂದು ತೀರ್ಮಾನಿಸಿ ತಾವು ಮೂವರ ಪದವಿಯನ್ನೂ ತಡೆಹಿಡಿದಿದ್ದೀರಿ. ಹಾಗಾದರೆ ಕಾರಾ-ಬುಲುನ್ ಕಾಲುವೆಯಲ್ಲಿ ನೀರಿನ ಮಟ್ಟ ನೋಡಿಕೊಂಡು ತಾನೇ ಏರಿ ತಾನೇ ಇಳಿಯುವ ಆ ತೂಬಿನ ಬಾಗಿಲು ಎಲ್ಲಿಂದ ಬಂತು? ಮೇಯಲು ಬಂದ ಕುದುರೆಗಳು ಮಾಡಿಟ್ಟು ಹೋದವೇ?

ತಮ್ಮ ಕಚೇರಿ ಹೊರದೇಶದಿಂದ ತರಿಸಿದ, ಗುಟ್ಟಾಗಿ ತುಂಬಬೇಕಾದ ನಮೂನೆಯಲ್ಲಿ ಒಂದು ಪ್ರಶ್ನೆಯಿತ್ತು: ತಂಡದಲ್ಲಿ ಅತಿ ಕಡಿಮೆ ಕೆಲಸ ಮಾಡಿದವರು ಯಾರು? ಹೆಸರು ಬಂದವರಿಗೆ ಪದವಿ ಇಲ್ಲವೆಂಬುದು ಹಿಂಬದಿಯಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿತ್ತು. ನಾವು ಮೂವರೂ ಬೇರೆ ಬೇರೆ ಕೋಣೆಯಲ್ಲಿ ಕೂತು ನಮ್ಮ ನಮ್ಮ ಹೆಸರನ್ನೇ ಬರೆದೆವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರೆಂದು ತಾವು ತಿಳಿದಿರಿ. ಸ್ವಾಮಿ, ತಾವೂ ಕಿರ್ಗಿಜರೇ ಅಲ್ಲವೇ? ಮದುವೆಯೂಟಕ್ಕೆ ಹೋದರೆ ತಾವೂ ಬಾಗಿಲ ಬಳಿಯೇ ಕೂತು, ಇಬ್ಬರು ರಟ್ಟೆ ಹಿಡಿದು ಎಳೆದ ಮೇಲಷ್ಟೇ ಗೌರವದ ಮೇಲಿನ ಜಾಗಕ್ಕೆ ಸರಿಯುವುದಿಲ್ಲವೇ? ಸೀದಾ ಹೋಗಿ ಮೇಲೆ ಕೂತವನನ್ನು ಊರು ಮೂರು ತಲೆಮಾರು ಆಡಿಕೊಳ್ಳುತ್ತದೆ.

ನಮ್ಮಲ್ಲಿ ಹಿರಿಯರಾದ, ಅಣ್ಣನೆಂಬ ಗೌರವದಿಂದ ನಾವು ಬಾಯ್ಕೆ ಎಂದೇ ಕರೆಯುವ ತುರುಸ್ಬೆಕ್ ಬಾಯ್ಕೆಗೆ ಐವತ್ತೆಂಟು. ಮೂವತ್ತು ವರ್ಷದಿಂದ ಅದೇ ಕಾಲುವೆಯ ಎಂಜಿನಿಯರು. ಈ ತಿಂಗಳ ಕೊನೆಯೊಳಗೆ ಸ್ನಾತಕೋತ್ತರ ಪದವಿ ತೋರಿಸದಿದ್ದರೆ ಕೆಲಸ ಹೋಗುತ್ತದೆಂದು ತಿಳಿದು, ನಮ್ಮಂಥ ಚಿಕ್ಕವರ ಪಕ್ಕ ಬೆಂಚಿನಲ್ಲಿ ಕೂತವರು.

ವಿಚಾರಣೆಯ ದಿನ ತಾವು ಕೇಳಿದಿರಿ: "ನಿಜವಾಗ್ಲೂ ಕೆಲಸ ಮಾಡಿದ್ದು ಯಾರ್ರೀ?"

"ಇವ್ರಿಬ್ರೇ ಸಾರ್. ನಾನು ಸುಮ್ನೆ ಚಹಾ ಕಾಯಿಸ್ತಿದ್ದೆ," ಅಂದ ನಮ್ಮ ತಂಡದ ಕುಟ್ಮಾನ್. ಮೋಟಾರು ಜೋಡಿಸಿದ್ದು ಪೂರಾ ಅವನೇ.

"ಅವ್ನು ಕಾಯಿಸಾದ್ರೂ ಕಾಯಿಸ್ದ. ನಾನು ಕುಡ್ದೆ, ಅಷ್ಟೇ," ಅಂದರು ಬಾಯ್ಕೆ.

"ಬಟ್ಲು ಕೂಡ ನಾನು ತೊಳೀಲಿಲ್ಲ," ಅಂದೆ ನಾನು. ಪ್ರೋಗ್ರಾಂ ಬರೆದವಳು ನಾನು.

ತಮಗೆ ಸಿಟ್ಟು ಬಂತು. "ಯಾರಾದ್ರೂ ಒಬ್ರು ಒಪ್ಕೊಳ್ಳಿ, ಮಿಕ್ಕಿಬ್ರು ಸಾಕ್ಷಿ ಹಾಕಿ ಪಾಸಾಗಿ" ಅಂದಿರಿ. ಮಾತು ಮುಗಿಯುವ ಮುಂಚೆ, ತಾವು ಮೇಜಿನ ಮೇಲಿಟ್ಟಿದ್ದ ಪೆನ್ನನ್ನೇ ಬಾಯ್ಕೆ ಎತ್ತಿಕೊಂಡಿದ್ದರು.

"ಮಕ್ಳಿಗಿನ್ನೂ ಮುಂದೆ ಬಾಳು ಇದೆ. ನಾನೇನೂ ಮಾಡಿಲ್ಲ, ಕೊಡಿ ಇಲ್ಲಿ," ಎಂದು ತಪ್ಪೊಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಬಿಟ್ಟರು.

ಮೊದಲ ಸಲ ಬರೆದದ್ದು ಸಂಕೋಚಕ್ಕೆ. ಈ ಸಲದ್ದು ಸಂಕೋಚವಲ್ಲ, ತಾವು ಅದನ್ನು ನೋಡಿಯೂ ಕಾಗದಕ್ಕೆ ಮೊಹರು ಒತ್ತಿದಿರಿ. ನನಗೆ ಅಳು ಬಂತು, ಆಮೇಲೆ ಕೋಪ ಬಂತು, ಕೋಪ ಇನ್ನೂ ಹೋಗಿಲ್ಲ. ನಾನಾಗಲಿ ಕುಟ್ಮಾನ್ ಆಗಲಿ ಸಾಕ್ಷಿ ಹಾಕಿಲ್ಲ, ಹಾಕುವುದೂ ಇಲ್ಲ.

ಆ ಕಾಗದ ಹರಿದು ಹಾಕಿ. ಮೂವರಿಗೂ ಪದವಿ ಕೊಡಿ, ಬಾಯ್ಕೆಯದ್ದು ತಿಂಗಳು ಮುಗಿಯುವುದರೊಳಗೆ ಕೊಡಿ. ತಮಗೆ ಬೇಕಾದದ್ದು ಆತ್ಮಪ್ರಶಂಸೆ ತಾನೇ? ಬರೆದುಕೊಳ್ಳಿ. ಹಿಮ ಕರಗಿದ ನೀರಿನಲ್ಲಿ ಎದೆಮಟ್ಟ ನಿಂತು ಆ ಬಾಗಿಲು ಕೂರಿಸಿದವರು ತುರುಸ್ಬೆಕ್ ಬಾಯ್ಕೆ. ಕುಟ್ಮಾನನ ಮೋಟಾರು ಒಂದು ಸಲವೂ ಕೆಟ್ಟಿಲ್ಲ. ನನ್ನ ಪ್ರೋಗ್ರಾಂ ಬಹಳ ಚೆನ್ನಾಗಿದೆ. ಇದನ್ನು ಓದಿದ ಮೇಲೆ ನಮ್ಮಮ್ಮ ನಾಚಿಕೆಯಿಂದ ಒಂದು ವಾರ ಬೀದಿಗಿಳಿಯುವುದಿಲ್ಲ.

ಇಂತಿ,
ತನ್ನನ್ನು ತಾನೇ ಹೊಗಳಿಕೊಂಡು ಮಾನ ಕಳೆದುಕೊಂಡ,
ಚೊಲ್ಪೊನಾಯ್