ಜೋಡಿ ಪರೀಕ್ಷೆ

ಜೂನ್ 4, ಮಂಗಳವಾರ

ಫುಕೆಟ್. ಬೆಳಗಿನ ಡ್ಯೂಟಿ. ಜ್ವರದ ವಾರ್ಡು ತುಂಬಿದೆ. ಗುರುವಾರ ಇಂಗ್ಲಿಷ್ ಮಾತಿನ ಪರೀಕ್ಷೆ. ಪಾಸಾದ ನರ್ಸ್‌ಗಳಿಗೆ ಮಾತ್ರ ಹೊಸ ಗುತ್ತಿಗೆ. ಇಬ್ಬಿಬ್ಬರು ಜೋಡಿ. ನನಗೆ ಫಾಂಗ್ ಸಿಕ್ಕಿದ್ದಾಳೆ, ಸದ್ಯ. ನನಗಿಂತ ತುಂಬಾ ಚಿಕ್ಕವಳು. ಕ್ಯಾಂಟೀನಿನಲ್ಲಿ ನನ್ನೆದುರು ಕೂರುವವಳು ಅವಳೊಬ್ಬಳೇ. ವಿದೇಶಿ ರೋಗಿಗಳ ಜೊತೆ ಅರಳು ಹುರಿದಂತೆ ಮಾತು. ನಾನು... ಪರದೇಶದ ಕಾದಂಬರಿಗಳನ್ನೆಲ್ಲ ಥಾಯ್ ಅನುವಾದದಲ್ಲೇ ಓದುವವಳು. ಇಂಗ್ಲಿಷ್ ಬಾಯಿಗೆ ಬರುವುದಿಲ್ಲ.

"ಭಯ ಯಾಕಕ್ಕಾ? ನಾನಿರ್ತೀನಲ್ಲ," ಅಂದಳು. ನನ್ನ ತಟ್ಟೆಯ ಮೀನು ಅವಳ ಬಾಯಲ್ಲಿ.

ಜೂನ್ 6, ಸಂಜೆ

ಇಂಜೆಕ್ಷನ್ ಬೇಡವೆನ್ನುವ ರೋಗಿಯನ್ನು ಹೇಗೆ ಒಪ್ಪಿಸುತ್ತೀರಿ, ಇಬ್ಬರೂ ಚರ್ಚಿಸಿ ಎಂದಳು ಪರೀಕ್ಷಕಿ. ಆಸ್ಟ್ರೇಲಿಯಾದವಳು. ನಾನು ತಡವರಿಸಿದೆ. ಫಾಂಗ್ ಕಾದಳು. ಒಂದು ವಾಕ್ಯ ಮುಗಿಸಲು ಹೆಣಗಿದೆ. ತಲೆ ತಗ್ಗಿಸಿ ಕಾಯುತ್ತಲೇ ಇದ್ದಳು. ಸರದಿ ಬಂದಾಗ ನನ್ನದಕ್ಕಿಂತ ಚಿಕ್ಕ ಮಾತೊಂದನ್ನು ಹೇಳಿ ನಿಲ್ಲಿಸಿದಳು. ಕೊನೆಯವರೆಗೂ ಹೀಗೇ.

ಹೊರಗೆ ಬಂದು ಕೇಳಿದೆ, "ಬಾಯಿಗೆ ಬೀಗ ಹಾಕ್ಕೊಂಡಿದ್ಯೇನೇ?"

"ನೀವು ತಡವರಿಸ್ತಿರೋವಾಗ ನಾನು ಪಟಪಟ ಅಂದ್ರೆ ನಿಮ್ಮ ಮರ್ಯಾದೆ ಏನಾಗ್ಬೇಕಕ್ಕಾ? ಹೊರಗಿನವಳ ಮುಂದೆ?"

ಬೈಯಬೇಕಿತ್ತು. ಹಿತವಾಯಿತು — ಅದೇ ನಾಚಿಕೆ.

ಜೂನ್ 17

ನಾನು ಪಾಸು. ಫಾಂಗ್ ಫೇಲು. ಹೆಡ್ ನರ್ಸ್ ವಿಲಾವನ್ ಎಲ್ಲರೆದುರು ನಕ್ಕರು. "ವಾರ್ಡೆಲ್ಲ ಒದರಾಡೋಳು ಫೇಲು, ಮೂಗಿ ಪಾಸು!" ಎಲ್ಲರಿಗಿಂತ ಜೋರಾಗಿ ನಕ್ಕವಳು ಫಾಂಗ್. ತಿಂಗಳ ಕೊನೆಗೆ ಊರಿಗೆ ಹೋಗುತ್ತಾಳಂತೆ, ಅಕ್ಕನ ನೂಡಲ್ ಅಂಗಡಿಗೆ.

ಆಮೇಲೆ ವಿಲಾವನ್‌ರನ್ನು ಒಬ್ಬಳೇ ಕಂಡೆ. ಫಾಂಗ್‌ಗೆ ಮರುಪರೀಕ್ಷೆ ಕೊಡಬಹುದಲ್ಲ ಎಂದೆ.

"ಜೋಡಿ ಪರೀಕ್ಷೆ ಕಣೇ ತಿಪ್. ಅವಳದು ರದ್ದಾದ್ರೆ ನಿನ್ನದೂ ರದ್ದು. ಬೇರೆ ಬೇರೆ ಜೋಡಿ ಹಾಕಿ ಮತ್ತೆ ಕೂರಿಸ್ತಾರೆ. ಎಲ್ಲರೂ ನಿನಗೋಸ್ಕರ ಬಾಯಿ ಮುಚ್ಕೊಂಡಿರ್ತಾರಾ? ತೆಪ್ಪಗಿರು."

ತೆಪ್ಪಗೆ ಬಂದೆ.

ಜೂನ್ 23, ಭಾನುವಾರ, ಮಧ್ಯಾಹ್ನ

ಫಾಂಗ್‌ಗೆ ರಜೆ. ಒಬ್ಬಳೇ ಉಂಡೆ. ಎದುರಿನ ಕುರ್ಚಿಯನ್ನು ಯಾರೋ ಪಕ್ಕದ ಮೇಜಿಗೆ ಎಳೆದುಕೊಂಡರು. ಕೇಳಲೂ ಇಲ್ಲ.

ಅವಳು ಹೋದರೂ ನಾನು ಒಂಟಿ, ನಾನು ಹೋದರೂ ಒಂಟಿ. ಹಾಗಾದರೆ ಇಂಗ್ಲಿಷ್ ಬರುವವಳು ಉಳಿಯಲಿ.

ತೀರ್ಮಾನಿಸಿದೆ. ನಾಳೆ ಪಾಳಿ ಬದಲಾಗುವ ಮೊದಲು ವಿಲಾವನ್ ಹತ್ತಿರ ಹೋಗಿ, ಇಬ್ಬರದೂ ರದ್ದು ಮಾಡಿಸಿ ಎನ್ನುವುದು. ಫಾಂಗ್‌ಗೆ ಮೊದಲೇ ಹೇಳಬಾರದು. ಹೇಳಿದರೆ ಕೈಮುಗಿದು ಬೇಡ ಎನ್ನುತ್ತಾಳೆ, ನಾನೂ ಮತ್ತೆ ಒಪ್ಪಿ ತೆಪ್ಪಗಿದ್ದುಬಿಡುತ್ತೇನೆ.